ಮನಸ್ಸಿನ ಭಾರ ಮೈಮೇಲೆ ಬೀಳದಿರಲಿ

(ಸ್ವಸಹಾಯ ಸಂಘಗಳ ಸದಸ್ಯರ ಆರೋಗ್ಯ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಸಂಘಗಳಿಂದ ತಾವೆಲ್ಲ ಬಂದಿದ್ದೀರಿ. ಬೆಳಗಿನ ಜಾವ ಎದ್ದು, ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹುಳುವಿಗೆ ಸೊಪ್ಪು ಹಾಕಿ, ಬಸ್ಸು ಹಿಡಿದು ಬಂದಿದ್ದೀರಿ. ಉಳಿತಾಯ, ಸಾಲ, ಬಡ್ಡಿ ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ನಮ್ಮ ಮೈ ಬಗ್ಗೆ, ಮನಸ್ಸಿನ ಬಗ್ಗೆ ಮಾತಾಡೋಣ.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅಂತ ನಮ್ಮ ಹಿರಿಯರು ಹೇಳುತ್ತಾರೆ. ಹಾಗಾದರೆ ಚಿಂತೆ ಇರೋರಿಗೆ? ಮೆತ್ತನೆ ಹಾಸಿಗೆಯಲ್ಲೂ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ. ಎದೆ ಡವಡವ ಅನ್ನುತ್ತೆ. ಬೆಳಗ್ಗೆ ಎದ್ದರೆ ತಲೆನೋವು. ಕೇಳಿದರೆ "ಏನೋ ಟೆನ್ಷನ್ ಕಣಕ್ಕ" ಅಂತೇವೆ, ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗ್ತೇವೆ. ಈ ಟೆನ್ಷನ್ ಅನ್ನೋದು ಮನಸ್ಸಿನಲ್ಲಿ ಮಾತ್ರ ಇರುತ್ತೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಅದು ತಲೆಯಿಂದ ಇಳಿದು ಎದೆಗೆ, ಹೊಟ್ಟೆಗೆ, ಸೊಂಟಕ್ಕೆ, ರಕ್ತಕ್ಕೆ ಬರುತ್ತೆ. ಅದು ಹೇಗೆ ಬರುತ್ತೆ, ಬಂದಾಗ ನಾವು ಏನು ಮಾಡಬೇಕು ಅನ್ನೋದೇ ಇವತ್ತಿನ ವಿಷಯ.

ಒತ್ತಡ ಅಂದರೆ ಏನು?

ಹೊಲದ ಬದುವಿನಲ್ಲಿ ನಡೆಯುತ್ತಿದ್ದೀರಿ, ಎದುರಿಗೆ ಹಾವು ಬಂತು ಅಂದುಕೊಳ್ಳಿ. ಯೋಚನೆ ಮಾಡೋಕ್ಕೆ ಮುಂಚೆಯೇ ಕಾಲು ಹಿಂದಕ್ಕೆ ಬಂದಿರುತ್ತೆ. ಎದೆ ಜೋರಾಗಿ ಬಡಿಯುತ್ತೆ, ಬಾಯಿ ಒಣಗುತ್ತೆ, ಅಂಗೈ ಬೆವರುತ್ತೆ. ಇದು ಕಾಯಿಲೆ ಅಲ್ಲ. ದೇವರು ನಮ್ಮ ದೇಹಕ್ಕೆ ಕೊಟ್ಟಿರುವ ಕಾವಲು. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳಿವೆ. ಅಪಾಯ ಬಂದಾಗ ಅವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಆಗ ಹೃದಯ ವೇಗವಾಗಿ ಬಡಿಯುತ್ತದೆ, ಬಿಪಿ ಏರುತ್ತದೆ, ಓಡೋಕೆ ಶಕ್ತಿ ಬೇಕು ಅಂತ ರಕ್ತದಲ್ಲಿ ಸಕ್ಕರೆ ಹೆಚ್ಚಾಗುತ್ತದೆ. ಊಟ ಅರಗಿಸುವ ಕೆಲಸ ಸ್ವಲ್ಪ ಹೊತ್ತು ನಿಧಾನವಾಗುತ್ತದೆ.

ಹಾವು ಹೋಯಿತು ಅಂದರೆ ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತೆ. ಆದರೆ ಸೋಮವಾರದ ಕಂತು, ಕುಡಿದು ಬರುವ ಗಂಡ, ಮದುವೆಗೆ ಬಂದ ಮಗಳು, ಹಾಸಿಗೆ ಹಿಡಿದ ಅತ್ತೆ, ಇವು ಬಂದು ಹೋಗುವ ಹಾವಲ್ಲ. ಮನೆಯೊಳಗೇ ಇರುತ್ತವೆ. ದೇಹ ಮಾತ್ರ ದಿನವೂ ಹಾವು ಕಂಡ ಹಾಗೇ ನಡೆದುಕೊಳ್ಳುತ್ತದೆ. ತಿಂಗಳು, ವರ್ಷ ಹೀಗೇ ನಡೆದರೆ ಕಾಪಾಡಬೇಕಾದ ಕಾವಲೇ ಮೈಯನ್ನು ತಿನ್ನುತ್ತೆ.

1936ರಲ್ಲಿ ಕೆನಡಾ ದೇಶದಲ್ಲಿ ಕೆಲಸ ಮಾಡುತ್ತಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇದನ್ನು ಇಲಿಗಳಲ್ಲಿ ಕಂಡರು. ಚಳಿ, ಗಾಯ, ವಿಪರೀತ ದುಡಿಮೆ, ವಿಷ, ಕಷ್ಟ ಯಾವುದೇ ಕೊಟ್ಟರೂ ಇಲಿಗಳ ಮೈಯೊಳಗೆ ಆದ ಹಾನಿ ಒಂದೇ ತರಹ ಇತ್ತು. ಆ ಗ್ರಂಥಿಗಳು ಊದಿಕೊಂಡಿದ್ದವು, ಜಠರದಲ್ಲಿ ಹುಣ್ಣಾಗಿತ್ತು, ರೋಗ ತಡೆಯುವ ಅಂಗಗಳು ಕುಗ್ಗಿದ್ದವು. ಕಷ್ಟದ ಹೆಸರು ಬೇರೆ ಬೇರೆ, ಮೈ ಕೊಡುವ ಬೆಲೆ ಒಂದೇ.

ಹುಳುವಿಗೆ ಮಾಡುವುದನ್ನು ನಮಗೆ ಮಾಡಿಕೊಳ್ಳುತ್ತೇವಾ?

ರೇಷ್ಮೆ ಹುಳು ಸಾಕುವ ಸಹೋದರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೆಕೆ ಏರಿತು ಅಂದರೆ ಹುಳುಮನೆಗೆ ಒದ್ದೆ ಗೋಣಿ ಕಟ್ಟುತ್ತೇವೆ. ಒಂದು ದಿನ ಸೆಕೆ ಆಯ್ತು ಅಂತ ಬೆಳೆ ಹೋಗಲ್ಲ. ಆದರೆ ಸೆಕೆ, ಗಾಳಿ ಇಲ್ಲದ ಕೋಣೆ, ಬಾಡಿದ ಸೊಪ್ಪು ಎಲ್ಲ ಸೇರಿದರೆ ಸಪ್ಪೆ ರೋಗ, ಹಾಲುತೊಂಡೆ ಬಂದು ಬಿಡುತ್ತೆ. ಇನ್ನೊಂದು ಗಮನಿಸಿ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಹಾಕಲ್ಲ, ಸುಣ್ಣ ಉದುರಿಸಿ ಅಲುಗಾಡಿಸದೆ ಬಿಡ್ತೇವೆ. ಆ ವಿರಾಮ ಇಲ್ಲದೆ ಗೂಡು ಇಲ್ಲ ಅಂತ ನಮಗೆ ಗೊತ್ತು.

ಹುಳುವಿಗೆ ವಿರಾಮ ಕೊಡುವ ನಾವು, ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುತ್ತಾ ನಾವೇ ನಿದ್ದೆ ಬಿಡ್ತೇವೆ. ಮನೆಯವರ ಊಟ ಎಲ್ಲ ಆದ ಮೇಲೆ ಉಳಿದದ್ದು ತಿನ್ನುತ್ತೇವೆ. ಹುಳು ಸೊರಗಿದರೆ ಇಲಾಖೆಯವರನ್ನು ಕೇಳಲು ಓಡುತ್ತೇವೆ. ನಮ್ಮ ಮೈ ಸೊರಗಿದರೆ "ಹೋಗಲಿ ಬಿಡು" ಅಂತೇವೆ. ಯಾಕೆ?

ಒತ್ತಡ ಮೈಯಲ್ಲಿ ಹೇಗೆ ಕಾಣಿಸುತ್ತೆ?

1. ತಲೆ, ಕತ್ತು, ಸೊಂಟ: ಚಿಂತೆಯಲ್ಲಿ ಇರುವಾಗ ನಮಗೆ ಗೊತ್ತಿಲ್ಲದೆ ಹೆಗಲು ಮೇಲೆತ್ತಿ, ಹಲ್ಲು ಕಚ್ಚಿಕೊಂಡಿರುತ್ತೇವೆ. ಮಾಂಸಖಂಡಗಳು ಬಿಗಿಯುತ್ತವೆ. ನೂಲು ತೆಗೆಯುವ ಚರಕದ ಮುಂದೆ, ಗಾರ್ಮೆಂಟ್ಸ್ ಮೆಷಿನ್ ಮುಂದೆ ದಿನವೆಲ್ಲ ಕೂರುವವರಿಗೆ ಕೆಲಸದ ನೋವಿನ ಜೊತೆ ಇದೂ ಸೇರುತ್ತೆ.

2. ಹೊಟ್ಟೆ: ಹಸಿವಾಗಲ್ಲ, ಇಲ್ಲವೇ ಸುಮ್ಮನೆ ತಿನ್ನಬೇಕು ಅನಿಸುತ್ತೆ. ಹುಳಿತೇಗು, ಎದೆಯುರಿ, ಆಗಾಗ ಭೇದಿ ಅಥವಾ ಮಲಬದ್ಧತೆ. ಜಠರದ ಹುಣ್ಣು ಬರೀ ಚಿಂತೆಯಿಂದ ಬರುವುದಿಲ್ಲ. ಹೆಚ್ಚಿನ ಹುಣ್ಣಿಗೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ ಕಂಡುಹಿಡಿದ ಆಸ್ಟ್ರೇಲಿಯಾದ ಇಬ್ಬರು ವೈದ್ಯರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆಗಳು. ಅಂದರೆ ಟೆನ್ಷನ್‌ನಿಂದ ತಲೆನೋವು, ತಲೆನೋವಿಗೆ ಅಂಗಡಿ ಮಾತ್ರೆ, ಮಾತ್ರೆಯಿಂದ ಹೊಟ್ಟೆಹುಣ್ಣು. ದಿನವೂ ನುಂಗುವ ನೋವಿನ ಮಾತ್ರೆ ಕಿಡ್ನಿಗೂ ಕೆಟ್ಟದ್ದು, ಬಿಪಿಯನ್ನೂ ಏರಿಸುತ್ತೆ.

3. ಬಿಪಿ, ಸಕ್ಕರೆ: ಸದಾ ಒತ್ತಡದಲ್ಲಿ ಇರುವವರಿಗೆ ಇವು ಬರುವ ಸಾಧ್ಯತೆ ಹೆಚ್ಚು, ಇದ್ದರೆ ಹಿಡಿತಕ್ಕೆ ಬರುವುದು ಕಷ್ಟ. ಬಿಪಿಗೆ ನೋವಿಲ್ಲ, ಪರೀಕ್ಷೆ ಮಾಡದೆ ಗೊತ್ತಾಗಲ್ಲ. ಮತ್ತೆ ಮತ್ತೆ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚಿದ್ದರೆ ಅದು ಸಕ್ಕರೆ ಕಾಯಿಲೆಯ ಲಕ್ಷಣ.

4. ಮುಟ್ಟು: ದಿನ ಹಿಂದೆ ಮುಂದೆ ಆಗುತ್ತೆ, ಮುಟ್ಟಿನ ನೋವು, ಸಿಡುಕು ಹೆಚ್ಚಾಗುತ್ತೆ.

5. ಉಸಿರು, ಚರ್ಮ: ಉಬ್ಬಸ ಇರುವವರಿಗೆ ಚಿಂತೆ ಬಂದಾಗ ಉಬ್ಬಸ ಏರುತ್ತೆ. ಕಜ್ಜಿ, ತುರಿಕೆ ಇರುವವರಿಗೂ ಹಾಗೇ. ಆವಿ, ಹೊಗೆಯ ನಡುವೆ ರೀಲಿಂಗ್ ಕೆಲಸ ಮಾಡುವವರು ಇದನ್ನು ಕಡೆಗಣಿಸಬಾರದು.

6. ನಿದ್ದೆ, ಮರೆವು: ನಿದ್ದೆ ಕೆಟ್ಟರೆ ಮೇಲಿನ ಎಲ್ಲವೂ ಇನ್ನಷ್ಟು ಕೆಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಸುಸ್ತು ಎಲ್ಲ ಟೆನ್ಷನ್‌ನಿಂದಲೇ ಅಂತ ತೀರ್ಮಾನ ಮಾಡಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ 100ಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇದ್ದರೂ ಸುಸ್ತು, ಎದೆಬಡಿತ ಬರುತ್ತೆ. ಥೈರಾಯ್ಡ್ ತೊಂದರೆಯಲ್ಲೂ ಬರುತ್ತೆ. ಮೊದಲು ಪರೀಕ್ಷೆ ಆಗಲಿ.

ಇನ್ನೂ ಮುಖ್ಯವಾದದ್ದು ಎದೆನೋವು. ಹೆಂಗಸರಿಗೆ ಹೃದಯಾಘಾತ ಆದಾಗ ಕೆಲವೊಮ್ಮೆ ಎದೆ ಹಿಡಿದುಕೊಂಡು ಬೀಳುವಂಥ ನೋವು ಇರುವುದಿಲ್ಲ. ಬೆನ್ನು, ದವಡೆ, ತೋಳಿನಲ್ಲಿ ನೋವು, ಉಸಿರು ಕಟ್ಟುವುದು, ತಣ್ಣನೆ ಬೆವರು, ವಾಕರಿಕೆ, ವಿಪರೀತ ಸುಸ್ತು ಇಷ್ಟೇ ಇರಬಹುದು. "ಗ್ಯಾಸು" ಅಂತ ಸೋಡಾ ಕುಡಿದು ಮಲಗಬೇಡಿ. ತಡಮಾಡದೆ 108ಕ್ಕೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ನಮ್ಮ ಒತ್ತಡ ಎಲ್ಲಿಂದ ಬರುತ್ತೆ?

ನಮ್ಮ ಕಡೆಯ ಕಷ್ಟಗಳು ನಮಗೆ ಗೊತ್ತಿರುವುದೇ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಇವತ್ತು ಒಂದು, ನಾಳೆ ಒಂದು. ಕಾಡಂಚಿನ ಊರುಗಳಲ್ಲಿ ಆನೆ ಕಾಟ, ರಾತ್ರಿ ಕಾವಲು. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಗಂಟೆಗೆ ಇಷ್ಟು ಪೀಸು ಅನ್ನುವ ಟಾರ್ಗೆಟ್, ಶೌಚಾಲಯಕ್ಕೆ ಹೋಗೋದು ತಪ್ಪಿಸಲು ನೀರೇ ಕುಡಿಯದೆ ಇರುವುದು. ಬೊಂಬೆ ಕೆಲಸದವರಿಗೆ ಆರ್ಡರ್ ಇದ್ದರೆ ಬಿಡುವಿಲ್ಲ, ಇಲ್ಲದಿದ್ದರೆ ಕೂಲಿಯಿಲ್ಲ. ಇದರ ಮೇಲೆ ಮನೆಯ ಕುಡಿತ, ಜಗಳ.

ಇವೆಲ್ಲದರ ಜೊತೆ ಸಾಲ. 2009ರಲ್ಲಿ ರಾಮನಗರ, ಕೋಲಾರ, ಶಿಡ್ಲಘಟ್ಟದಂಥ ರೇಷ್ಮೆ ಊರುಗಳಲ್ಲಿ ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟುವುದು ನಿಂತು ದೊಡ್ಡ ಗಲಾಟೆ ಆದದ್ದು ಹಳೆಯ ಸದಸ್ಯರಿಗೆ ನೆನಪಿರಬಹುದು. ಮತ್ತೆ 2025ರ ಆರಂಭದಲ್ಲಿ ವಸೂಲಿ ಕಿರುಕುಳ ತಾಳಲಾರದೆ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ರಾಜ್ಯದ ಹಲವು ಜಿಲ್ಲೆಗಳಿಂದ ಬಂದವು. ಆ ವರ್ಷದ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು, ಅನಂತರ ಕಾಯ್ದೆಯನ್ನೂ ಮಾಡಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ.

ರಿಸರ್ವ್ ಬ್ಯಾಂಕಿನ 2022ರ ನಿಯಮಗಳೂ ನಮಗೆ ಗೊತ್ತಿರಬೇಕು. ಮೈಕ್ರೋಫೈನಾನ್ಸ್ ಸಾಲ ಕೊಡುವಾಗ, ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದು. ಬೆದರಿಕೆ, ಕೆಟ್ಟ ಮಾತು, ನೆಂಟರಿಗೆ ಕಿರುಕುಳ, ಹೆಸರು ಬಯಲು ಮಾಡುವುದು, ಇದಾವುದೂ ಕೂಡದು.

ಒಂದು ಲೆಕ್ಕ ಮಾಡೋಣ. ಒಂದು ಮನೆಗೆ ತಿಂಗಳಿಗೆ 16,000 ರೂಪಾಯಿ ಬರುತ್ತೆ ಅಂದುಕೊಳ್ಳಿ. ಮೂರು ಕಡೆ ಸಾಲ ಮಾಡಿ ವಾರಕ್ಕೆ 2,200 ಕಟ್ಟಬೇಕು. ನಾಲ್ಕು ವಾರಕ್ಕೆ 8,800. ಸಂಘಕ್ಕೆ 1,000. ಒಟ್ಟು 9,800. ಅರ್ಧ ಅಂದರೆ 8,000, ಅದನ್ನೂ ದಾಟಿ ಹೋಗಿದೆ. ಉಳಿದ 6,200ರಲ್ಲಿ ರೇಷನ್ನು, ಫೀಸು, ಆಸ್ಪತ್ರೆ. ಈ ಮನೆಯ ತಾಯಿಗೆ ನಿದ್ದೆ ಬಾರದಿರುವುದು ಅವಳ ಮನಸ್ಸು ಗಟ್ಟಿ ಇಲ್ಲ ಅಂತ ಅಲ್ಲ. ಅವಳಿಗೆ "ಯೋಚನೆ ಮಾಡಬೇಡ ಕಣೆ" ಅಂದರೆ ಸಾಲದು. ಲೆಕ್ಕಕ್ಕೆ ಕೂರಲು ಜೊತೆಗೆ ಒಬ್ಬರು ಬೇಕು. ಇನ್ನೊಂದು ಸಾಲ ತಂದು ಈ ಸಾಲ ತೀರಿಸುವುದು ಮದ್ದಲ್ಲ.

ನಾವು ಏನು ಮಾಡಬಹುದು?

ಒತ್ತಡದಲ್ಲಿ ಎರಡು ಭಾಗ ಮಾಡಿಕೊಳ್ಳಿ. ನಮ್ಮ ಕೈಯಲ್ಲಿ ಬದಲಾಯಿಸಬಹುದಾದದ್ದು ಒಂದು, ಬದಲಾಯಿಸಲು ಆಗದೆ ತಾಳಿಕೊಳ್ಳಬೇಕಾದದ್ದು ಇನ್ನೊಂದು. ಸಾಲದ ಪಟ್ಟಿ ಮೊದಲನೆಯದು. ಗೂಡಿನ ಬೆಲೆ, ಮಳೆ ಎರಡನೆಯದು. ಮೊದಲನೆಯದಕ್ಕೆ ಕೆಲಸ ಬೇಕು, ಎರಡನೆಯದಕ್ಕೆ ಮೈ ಮನಸ್ಸಿಗೆ ವಿರಾಮ ಬೇಕು.

ಉಸಿರು: ಈಗಲೇ ಎಲ್ಲರೂ ಮಾಡೋಣ. ನೆಟ್ಟಗೆ ಕುಳಿತು ಹೆಗಲು ಸಡಿಲ ಬಿಡಿ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಹೊಟ್ಟೆ ಉಬ್ಬಲಿ. ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಐದು ನಿಮಿಷ ಸಾಕು. ಉಸಿರು ನಿಧಾನವಾದರೆ ಎದೆಬಡಿತವೂ ಇಳಿಯುತ್ತೆ. ದುಡ್ಡು ಬೇಡ, ಮೆಷಿನ್ ಮುಂದೆ ಕೂತೂ ಮಾಡಬಹುದು.

ನಡಿಗೆ: "ದಿನವೆಲ್ಲ ದುಡೀತೀವಲ್ಲ, ಇನ್ನೇನು ವ್ಯಾಯಾಮ?" ಅಂತ ಕೇಳುತ್ತೀರಿ. ಬಗ್ಗಿ ಕಳೆ ಕೀಳುವುದು, ಕೂತು ಹೊಲಿಯುವುದು ದುಡಿಮೆ. ಕೈ ಬೀಸಿಕೊಂಡು, ಮಾತಾಡಿಕೊಂಡು ಅರ್ಧ ಗಂಟೆ ನಡೆಯುವುದು ಬೇರೆ. ವಾರಕ್ಕೆ ಐದು ದಿನ ಸಾಧ್ಯವಾದರೆ ಬಿಪಿ, ಸಕ್ಕರೆ, ನಿದ್ದೆ ಮೂರಕ್ಕೂ ಒಳ್ಳೆಯದು. ಅಕ್ಕಪಕ್ಕದ ಇಬ್ಬರು ಮೂವರು ಜೊತೆಯಾಗಿ.

ಊಟ: ಮುದ್ದೆ, ಸೊಪ್ಪಿನ ಬಸ್ಸಾರು, ಹುರಳಿಕಾಳು, ಮೊಟ್ಟೆ ನಮ್ಮ ಊಟವೇ ಒಳ್ಳೆಯ ಊಟ. ಆದರೆ ಹೊತ್ತಿಗೆ ಸರಿಯಾಗಿ ತಿನ್ನಬೇಕು. ಖಾಲಿ ಹೊಟ್ಟೆಗೆ ಕಾಫಿ ಮೇಲೆ ಕಾಫಿ ಕುಡಿದರೆ ಎದೆಬಡಿತ, ಎದೆಯುರಿ ಎರಡೂ ಏರುತ್ತವೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಇರಲಿ.

ಹೊಗೆಸೊಪ್ಪು: ಬೇಜಾರಾದಾಗ ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಭ್ಯಾಸ ನಮ್ಮಲ್ಲಿದೆ. ಮನಸ್ಸಿಗೆ ಹಾಯೆನಿಸಿದರೂ ಅದು ಬಿಪಿ ಏರಿಸುತ್ತೆ, ಬಾಯಿ ಕ್ಯಾನ್ಸರ್ ತರುತ್ತೆ. ಒಂದೇ ದಿನ ಬಿಡಲು ಆಗದಿದ್ದರೆ ದಿನಕ್ಕೆ ಒಂದೊಂದು ಸಲ ಕಡಿಮೆ ಮಾಡುತ್ತಾ ಬನ್ನಿ.

ನಿದ್ದೆ: ಮಲಗುವ ಒಂದು ಗಂಟೆ ಮುಂಚೆ ಮೊಬೈಲು, ಧಾರಾವಾಹಿ, ಲೆಕ್ಕ ನಿಲ್ಲಿಸಿ. ತಲೆಯಲ್ಲಿ ಸುತ್ತುತ್ತಿರುವುದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಬರೆಯಲು ಬಾರದಿದ್ದರೆ ಮಗಳ ಕೈಲಿ ಬರೆಸಿ. ನಾಳೆಯದು ನಾಳೆಗೆ.

ಕೆಲಸ ಹಂಚಿಕೊಳ್ಳುವುದು: ಗಂಡು ಮಕ್ಕಳೂ ಪಾತ್ರೆ ತೊಳೆಯಲಿ, ನೀರು ತರಲಿ. ಕೇಳದೆ ಯಾರೂ ಮಾಡಲ್ಲ. ಕೇಳೋಣ.

ಮಾತು, ಪ್ರಾರ್ಥನೆ: ನಮ್ಮ ನಮ್ಮ ಧರ್ಮದಂತೆ ಪ್ರಾರ್ಥನೆ, ಹಾಡು, ಸ್ವಲ್ಪ ಹೊತ್ತು ಮೌನ ಮನಸ್ಸಿಗೆ ಬಲ ಕೊಡುತ್ತವೆ. ಆದರೆ ದೇವರಿಗೆ ಹೇಳಿದ ಕಷ್ಟವನ್ನು ನಂಬಿಕೆ ಇರುವ ಒಬ್ಬ ಅಕ್ಕನಿಗೂ ಹೇಳಬೇಕು.

ಹೊಡೆತ, ಬಡಿತ ಮಾತ್ರ ತಾಳಿಕೊಳ್ಳಬೇಕಾದ ಒತ್ತಡ ಅಲ್ಲ. ಅದಕ್ಕೆ ಉಸಿರಾಟದ ವ್ಯಾಯಾಮ ಮದ್ದಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಇದೆ. ಕೌಟುಂಬಿಕ ದೌರ್ಜನ್ಯ ತಡೆಯಲು 2005ರ ಕಾಯ್ದೆ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ ದೂರು ಕೊಡಬಹುದು. ಗಂಡನ ಕುಡಿತ ಬಿಡಿಸಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ಕುಡಿತಕ್ಕೆ ಬಿದ್ದವರಿಗೂ ವೈದ್ಯರ ಸಹಾಯ ಬೇಕು, ಬೈಗುಳದಿಂದ ಬಿಡುವುದಿಲ್ಲ.

ನಮ್ಮ ಸಂಘವೇ ಟೆನ್ಷನ್ ಆಗಬಾರದು

ಈ ಮಾತು ಸ್ವಲ್ಪ ಕಹಿ, ಆದರೂ ಹೇಳಲೇಬೇಕು. ಕಂತು ಕಟ್ಟಲಾಗದ ಸದಸ್ಯೆಯನ್ನು ಎಲ್ಲರ ಮುಂದೆ ಹೀಯಾಳಿಸುವುದು, ಅವಳ ಮನೆ ಬಾಗಿಲಲ್ಲಿ ಹೋಗಿ ಕೂರುವುದು ಕೆಲವು ಕಡೆ ನಡೆಯುತ್ತೆ. ಕಂಪನಿಯವರು ಮಾಡಿದರೆ ಕಿರುಕುಳ, ನಾವು ಮಾಡಿದರೆ ಶಿಸ್ತು ಅನ್ನಲಾಗದು. ಹಾಗಂತ ಕಂತು ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ. ಸಂಘದ ಹಣ ಎಲ್ಲರ ಬೆವರು. ಅದಕ್ಕೆ ದಾರಿ ಇದೆ:

- ಕಟ್ಟಲು ಆಗದವರು ಸಭೆಗೆ ಮೊದಲೇ ಪ್ರತಿನಿಧಿಗೆ ತಿಳಿಸಲಿ. ತಿಳಿಸಿದವರನ್ನು ಬೈಯಬಾರದು.
- ಬೆಳೆ ಹೋದಾಗ, ಕಾಯಿಲೆ ಬಿದ್ದಾಗ ಕಂತನ್ನು ಸಣ್ಣದು ಮಾಡಿ ಅವಧಿ ಹೆಚ್ಚಿಸುವುದನ್ನು ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.
- ಪ್ರತಿಯೊಬ್ಬರೂ ತಿಂಗಳಿಗೆ ಒಂದಿಷ್ಟು ಹಾಕಿ ಆಸ್ಪತ್ರೆ ಖರ್ಚಿಗೆ ಬೇರೆ ನಿಧಿ ಇಡಿ.
- ಹೊರಗಿನ ಹೊಸ ಸಾಲಕ್ಕೆ ಸಹಿ ಹಾಕುವ ಮೊದಲು ಸಂಘದಲ್ಲಿ ಕೂತು ಲೆಕ್ಕ ನೋಡಿ.
- ಸಭೆಯಲ್ಲಿ ಒಬ್ಬರು ಹೇಳಿಕೊಂಡ ಮನೆಯ ವಿಷಯ ನಲ್ಲಿ ಹತ್ತಿರ, ಡೇರಿ ಹತ್ತಿರ ಆಡಬಾರದು. ಮಾತು ಹೊರಗೆ ಹೋಯಿತು ಅಂದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಸೇರುತ್ತಿಲ್ಲ, ಸುಮ್ಮನೆ ಅಳು ಬರುತ್ತೆ, "ನಾನಿದ್ದು ಏನು ಪ್ರಯೋಜನ" ಅನಿಸುತ್ತೆ ಅಂದರೆ ಅದು ಬರೀ ಟೆನ್ಷನ್ ಅಲ್ಲ, ಖಿನ್ನತೆ ಇರಬಹುದು. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ 100ಕ್ಕೆ ಸುಮಾರು 10 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಗೇ ಹೋಗಿರಲಿಲ್ಲ. ನಮ್ಮ ಸಂಘದಲ್ಲಿ 20 ಜನ ಇದ್ದರೆ ಇಬ್ಬರು ಹೀಗೆ ಇರಬಹುದು, ಪಕ್ಕದಲ್ಲೇ ಕೂತಿರಬಹುದು.

14416, ಇದು ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಾನಸಿಕ ತಜ್ಞರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರು ಹೇಳುವ ತನಕ ನಿಲ್ಲಿಸಬೇಡಿ.

ಯಾರಾದರೂ "ಸಾಯಬೇಕು ಅನಿಸುತ್ತೆ" ಅಂದರೆ ತಮಾಷೆ ಮಾಡಬೇಡಿ, ಬೈಯಬೇಡಿ. ಪಕ್ಕದಲ್ಲಿ ಕೂತು ಕೇಳಿ. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ. 14416ಕ್ಕೆ ನೀವೇ ಕರೆ ಮಾಡಿ ಕೊಡಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಸಾಲ ಎಷ್ಟೇ ಇರಲಿ, ಒಂದು ಜೀವಕ್ಕಿಂತ ದೊಡ್ಡದಲ್ಲ.

ಊರಿಗೆ ಹೋದ ಮೇಲೆ

ಸಹೋದರಿಯರೆ, ಕೇಳಿದ್ದನ್ನು ಇಲ್ಲೇ ಬಿಟ್ಟು ಹೋಗಬಾರದು. ಮುಂದಿನ ಸಭೆಯಲ್ಲಿ ಪ್ರತಿ ಸಂಘವೂ ಮೂರು ತೀರ್ಮಾನ ಮಾಡಿ ನಡಾವಳಿಯಲ್ಲಿ ಬರೆಯೋಣ.

ಒಂದು, 30 ದಾಟಿದ ಎಲ್ಲ ಸದಸ್ಯರೂ ಒಂದೇ ದಿನ ಜೊತೆಯಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ, ಸಕ್ಕರೆ, ರಕ್ತದ ಪ್ರಮಾಣ ಪರೀಕ್ಷೆ ಮಾಡಿಸುವುದು.

ಎರಡು, ಪ್ರತಿ ಸಭೆಯಲ್ಲಿ ಲೆಕ್ಕ ಶುರು ಮಾಡುವ ಮೊದಲು ಐದು ನಿಮಿಷ ಉಸಿರಾಟ, ಆಮೇಲೆ ಹತ್ತು ನಿಮಿಷ "ಈ ವಾರ ಹೇಗಿದ್ದೀರಿ?" ಅಂತ ಒಬ್ಬೊಬ್ಬರನ್ನೂ ಕೇಳುವುದು.

ಮೂರು, ಸಭೆಗೆ ಎರಡು ಸಲ ಬಾರದ ಸದಸ್ಯೆಯ ಮನೆಗೆ ಇಬ್ಬರು ಹೋಗಿ ಬರುವುದು. ಕಂತು ಕೇಳೋಕಲ್ಲ, ಅವಳನ್ನು ನೋಡೋಕೆ.

ನಾವು ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಕೂಡಿಸಿ ಸಂಘ ಕಟ್ಟಿದವರು. ಒಬ್ಬೊಬ್ಬರಿಂದ ಆಗದ್ದು ಹದಿನೈದು ಇಪ್ಪತ್ತು ಜನ ಸೇರಿದರೆ ಆಗುತ್ತೆ ಅಂತ ಹಣದ ವಿಷಯದಲ್ಲಿ ತೋರಿಸಿದ್ದೇವೆ. ಮನಸ್ಸಿನ ಭಾರವನ್ನೂ ಹಾಗೇ ಹಂಚಿಕೊಳ್ಳೋಣ.